ಅಣುವನ್ನೂ ಅಹಿಂಸೆಯನ್ನೂ ಅರಿತ ಮಾಸ್ತರರು: ಪ್ರೊ. ದೌಲತ್ ಸಿಂಗ್ ಕೊಠಾರಿ



ಗದಗ ಜಿಲ್ಲೆಯ ಇಟಗಿಯಂಥ ಊರಿನ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳು ಮುಂದೆ ಪದವಿ ಮುಗಿಸಿ ಐ.ಎ.ಎಸ್. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಈ ಅವಕಾಶದ ಹಿಂದೆ ಒಬ್ಬ ಜೈನ ಭೌತಶಾಸ್ತ್ರ ಪ್ರಾಧ್ಯಾಪಕರಿದ್ದಾರೆ. ಅವರೇ ಪ್ರೊ. ದೌಲತ್ ಸಿಂಗ್ ಕೊಠಾರಿ.

1906ರಲ್ಲಿ ರಾಜಸ್ಥಾನದ ಉದಯಪುರದಲ್ಲಿ ಹುಟ್ಟಿದ ಕೊಠಾರಿಯವರ ತಂದೆ ಶಾಲಾ ಶಿಕ್ಷಕರು. ಮೇವಾಡ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಅಲಹಾಬಾದಿಗೆ ಹೋಗಿ, ಮೇಘನಾದ ಸಾಹಾ ಅವರ ಶಿಷ್ಯರಾಗಿ 1928ರಲ್ಲಿ ಎಂ.ಎಸ್ಸಿ. ಮುಗಿಸಿದರು. ಬಳಿಕ ಕೇಂಬ್ರಿಡ್ಜಿನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು.

1934ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿ ಸೇರಿ, ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ 1961ರವರೆಗೆ ದುಡಿದರು. ಅತಿಯಾದ ಒತ್ತಡದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹೇಗೆ ಕಳೆದುಕೊಳ್ಳುತ್ತವೆ, ಉರಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರಗಳ ಒಳಗೆ ಏನಾಗುತ್ತದೆ ಎಂಬುದು ಅವರ ಸಂಶೋಧನೆಯ ಮುಖ್ಯ ವಿಷಯ.

1948ರಿಂದ ಅವರು ರಕ್ಷಣಾ ಸಚಿವಾಲಯದ ವೈಜ್ಞಾನಿಕ ಸಲಹೆಗಾರರೂ ಆಗಿದ್ದರು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಇದು ಹೇಗೆ ಒಪ್ಪಿತು ಎಂದು ಕೇಳುವವರು ಇದ್ದಾರೆ. ಪ್ರಶ್ನೆ ಸುಲಭದ್ದಲ್ಲ. ಆದರೆ ಅದೇ ಹುದ್ದೆಯಲ್ಲಿದ್ದಾಗಲೇ, ನೆಹರೂ ಅವರ ಅಪೇಕ್ಷೆಯಂತೆ, ಅಣುಸ್ಫೋಟದ ಭೀಕರ ಪರಿಣಾಮಗಳನ್ನು ವಿವರಿಸುವ ಗ್ರಂಥವನ್ನು 1956ರಲ್ಲಿ ಸಿದ್ಧಪಡಿಸಿ ಜಗತ್ತಿನ ಮುಂದಿಟ್ಟವರೂ ಅವರೇ.

1961ರಿಂದ 1973ರವರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದರು. 1964-66ರ ಶಿಕ್ಷಣ ಆಯೋಗ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಹತ್ತನೇ ತರಗತಿ, ಎರಡು ವರ್ಷ ಪಿಯುಸಿ, ಮೂರು ವರ್ಷ ಪದವಿ ಎಂಬ ನಾವು ಕಂಡ ಕ್ರಮಕ್ಕೆ ಆ ವರದಿಯೇ ಬುನಾದಿ. ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಖರ್ಚು ಮಾಡಬೇಕೆಂದೂ ಅದು ಹೇಳಿತು. ಮುಂದೆ ನಾಗರಿಕ ಸೇವಾ ಪರೀಕ್ಷೆಯ ಸುಧಾರಣೆಗಾಗಿ ಅವರ ಅಧ್ಯಕ್ಷತೆಯ ಸಮಿತಿ 1976ರಲ್ಲಿ ವರದಿ ಕೊಟ್ಟಿತು. 1979ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಉತ್ತರ ಬರೆಯುವ ಅವಕಾಶ ಬಂದಿತು.

ನಮ್ಮ ಸ್ಯಾದ್ವಾದಕ್ಕೂ ವಿಜ್ಞಾನಿ ನೀಲ್ಸ್ ಬೋರ್ ಅವರ ಪೂರಕತಾ ತತ್ತ್ವಕ್ಕೂ ಇರುವ ಹೋಲಿಕೆಯನ್ನು ಕೊಠಾರಿಯವರು ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಒಂದೇ ವಸ್ತುವನ್ನು ಒಂದೇ ಕಡೆಯಿಂದ ನೋಡಿ ತೀರ್ಪು ಕೊಡಬಾರದೆಂಬ ಪಾಠ ಎರಡರಲ್ಲೂ ಇದೆ. ಪದ್ಮಭೂಷಣ, ಪದ್ಮವಿಭೂಷಣ ಪುರಸ್ಕೃತರಾದ ಅವರು 1993ರ ಫೆಬ್ರವರಿ 4ರಂದು ನಿಧನರಾದರು.

ಇದೇ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಕೊಠಾರಿಯವರು ಮಾಡಿದ್ದೂ ಶಾಸ್ತ್ರದಾನವೇ. ಪಡೆದವರಲ್ಲಿ ಜಾತಿ, ಮತಗಳ ಭೇದವಿರಲಿಲ್ಲ. ಪರೀಕ್ಷೆಗೆ ಓದುತ್ತಿರುವ ನಮ್ಮ ಮನೆಯ ಮಕ್ಕಳಿಗೆ ಈ ಹೆಸರನ್ನು ತಪ್ಪದೇ ಹೇಳೋಣ.