ದ್ವಾರಪಾಲಕನ ಶಿಷ್ಯ ಸಂತ ಪೀಟರ್ ಕ್ಲೇವರ್

ನಮ್ಮ ಮಕ್ಕಳು ಶಿಲುಬೆಯ ಗುರುತು ಹಾಕಲು ಕಲಿಯುವುದು ಪುಸ್ತಕದಿಂದಲ್ಲ, ತಾಯಿಯ ಕೈಯಿಂದ. ಕ್ರಿಸ್ತರ ಪ್ರೀತಿಯೂ ಹಾಗೆಯೇ, ದೀಪದಿಂದ ದೀಪ ಹೊತ್ತಿಕೊಳ್ಳುವಂತೆ ಒಬ್ಬರಿಂದ ಮತ್ತೊಬ್ಬರಿಗೆ ಬರುತ್ತದೆ. ಗುಲಾಮರ ಸೇವಕರೆಂದು ಹೆಸರಾದ ಸಂತ ಪೀಟರ್ ಕ್ಲೇವರರ ಬಾಳು ಇದಕ್ಕೆ ಸಾಕ್ಷಿ.

ಸ್ಪೇನಿನ ಕತಲೋನಿಯಾ ಪ್ರಾಂತ್ಯದ ವೆರ್ದು ಎಂಬ ಊರಿನಲ್ಲಿ 1580ರಲ್ಲಿ ಜನಿಸಿದ ಪೀಟರ್, 1602ರಲ್ಲಿ ಯೇಸುಸಭೆಯನ್ನು ಸೇರಿದರು. 1605ರಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗಕ್ಕೆಂದು ಮಜೋರ್ಕಾ ದ್ವೀಪದ ಕಾಲೇಜಿಗೆ ಬಂದಾಗ ಅವರಿಗೆ ಗುರು ದೊರೆತದ್ದು ಹೆಬ್ಬಾಗಿಲಿನಲ್ಲಿ. ಅಲ್ಲಿಯ ದ್ವಾರಪಾಲಕ ಸಹೋದರ ಅಲ್ಫೋನ್ಸ್ ರೊಡ್ರಿಗಸ್ ಆಗ ಎಪ್ಪತ್ತು ದಾಟಿದ ವೃದ್ಧರು. ಒಂದು ಕಾಲದಲ್ಲಿ ಅವರು ಉಣ್ಣೆಬಟ್ಟೆಯ ವರ್ತಕರು. ಪತ್ನಿ, ಮಕ್ಕಳು ಒಬ್ಬೊಬ್ಬರಾಗಿ ತೀರಿಹೋದರು, ವ್ಯಾಪಾರವೂ ಕುಸಿಯಿತು. 1571ರಲ್ಲಿ ಯೇಸುಸಭೆಯ ಸಹೋದರರಾಗಿ ಸೇರಿ, ಬಾಗಿಲು ತಟ್ಟಿದ ಪ್ರತಿಯೊಬ್ಬನಲ್ಲೂ ಪ್ರಭುವನ್ನೇ ಕಂಡು ಬರಮಾಡಿಕೊಳ್ಳುತ್ತಿದ್ದರು. ಅವರ ಬಾಲ್ಯದಲ್ಲಿ ಮನೆಗೆ ಅತಿಥಿಯಾಗಿ ಬಂದು ಭಕ್ತಿಯ ಬೀಜ ಬಿತ್ತಿದವರು ಸಂತ ಇಗ್ನೇಷಿಯಸರ ಮೊದಲ ಸಂಗಾತಿಗಳಲ್ಲೊಬ್ಬರಾದ ಪೀಟರ್ ಫೇಬರ್.

ಹೀಗೆ ಪಡೆದುದನ್ನು ಅಲ್ಫೋನ್ಸರು ತರುಣ ಕ್ಲೇವರರಿಗೆ ಧಾರೆಯೆರೆದರು. ಕಡಲಾಚೆಯ ಹೊಸ ಜಗತ್ತಿನಲ್ಲಿ ಅನಾಥವಾಗಿರುವ ಆತ್ಮಗಳ ಬಳಿಗೆ ಹೋಗುವಂತೆ ಹುರಿದುಂಬಿಸಿದರು. 1610ರಲ್ಲಿ ಕ್ಲೇವರ್ ಹಡಗು ಹತ್ತಿದರು. ಗುರು ಶಿಷ್ಯರು ಮತ್ತೆಂದೂ ಭೇಟಿಯಾಗಲಿಲ್ಲ.

ಇಂದಿನ ಕೊಲಂಬಿಯಾ ದೇಶದ ಕಾರ್ತಹೇನಾ ಬಂದರಿಗೆ ಆಗ ಆಫ್ರಿಕಾದಿಂದ ವರ್ಷವರ್ಷವೂ ಸಾವಿರಾರು ಗುಲಾಮರನ್ನು ತಂದಿಳಿಸುತ್ತಿದ್ದರು. ಅವರ ಸೇವೆಯ ದಾರಿಯನ್ನು ಕ್ಲೇವರರಿಗೆ ಕಲಿಸಿದವರು ಅಲೊನ್ಸೊ ದೆ ಸಂದೋವಲ್ ಸ್ವಾಮಿಗಳು. ಯಾಜಕತ್ವಕ್ಕೆ ತಾನು ಅರ್ಹನೇ ಎಂದು ದೀರ್ಘಕಾಲ ಅಳುಕಿದ ಕ್ಲೇವರ್ 1616ರಲ್ಲಿ ಯಾಜಕದೀಕ್ಷೆ ಪಡೆದರು. 1622ರಲ್ಲಿ ಅಂತಿಮ ವ್ರತ ಸ್ವೀಕರಿಸುವಾಗ ತಾವು ಎಂದೆಂದಿಗೂ ಆಫ್ರಿಕನ್ನರ ಗುಲಾಮನೆಂದು ಬರೆದು ಸಹಿ ಮಾಡಿದರು. ಹಡಗು ಬಂದೊಡನೆ ರೊಟ್ಟಿ, ನಿಂಬೆಹಣ್ಣು, ಔಷಧಗಳೊಡನೆ ದುರ್ನಾತದ ಅಡಿಮಾಳಿಗೆಗೆ ಇಳಿಯುತ್ತಿದ್ದರು. ಮೊದಲು ಹುಣ್ಣುಗಳನ್ನು ತೊಳೆದು, ಅನಂತರ ದುಭಾಷಿಗಳ ಮೂಲಕ ದೇವರ ಪ್ರೀತಿಯನ್ನು ತಿಳಿಸುತ್ತಿದ್ದರು. ಸುಮಾರು 3 ಲಕ್ಷ ಜನರಿಗೆ ಜ್ಞಾನಸ್ನಾನ ನೀಡಿದರೆಂದು ಪರಂಪರೆ ಹೇಳುತ್ತದೆ. ಆ ಕ್ರೂರ ವ್ಯಾಪಾರವನ್ನು ನಿಲ್ಲಿಸುವುದು ಅವರಿಂದಾಗಲಿಲ್ಲ. ಆದರೆ ಸರಕೆಂದು ಎಣಿಸಲ್ಪಟ್ಟವರನ್ನು ಅವರು ಮನುಷ್ಯರೆಂದು ಅಪ್ಪಿಕೊಂಡರು.

ಕೊನೆಯ ನಾಲ್ಕು ವರ್ಷ ಕಾಯಿಲೆಯಿಂದ ಕೋಣೆಯಲ್ಲಿಯೇ ಉಳಿದು, ಶುಶ್ರೂಷಕನ ನಿರ್ಲಕ್ಷ್ಯವನ್ನೂ ದೂರಿಲ್ಲದೆ ಸಹಿಸಿ, 1654ರ ಸೆಪ್ಟೆಂಬರ್ 8ರಂದು ಪ್ರಭುವಿನಲ್ಲಿ ಲೀನವಾದರು. 1888ರ ಜನವರಿ 15ರಂದು ಪೋಪ್ 13ನೇ ಲಿಯೋರವರು ಆ ವೃದ್ಧ ದ್ವಾರಪಾಲಕರನ್ನೂ ಅವರ ಶಿಷ್ಯರನ್ನೂ ಒಂದೇ ದಿನ ಸಂತರೆಂದು ಸಾರಿದರು. ಫೇಬರರಿಗೆ ಆ ಪದವಿ 2013ರಲ್ಲಿ ಸಂದಿತು.

ಅಲ್ಫೋನ್ಸರು ತಮ್ಮ ಬಾಗಿಲು ಬಿಟ್ಟು ಹೋಗಲಿಲ್ಲ; ಆದರೂ ಅವರ ಪ್ರೀತಿ ಸಾಗರ ದಾಟಿತು. ನಮ್ಮ ಬಾಗಿಲನ್ನು ತಟ್ಟಿದವರಿಗೆ ನಾವು ತೋರುವ ಮುಖವನ್ನು ಮನೆಯ ಮಕ್ಕಳು ನೋಡುತ್ತಿರುತ್ತಾರೆ. ನಾವು ಹೋಗಲಾರದ ಊರಿಗೆ ನಾಳೆ ಅದನ್ನು ಒಯ್ಯುವವರು ಅವರೇ ಅಲ್ಲವೇ?