ಶ್ರೀ ಶಾಂತವೇರಿ ಗೋಪಾಲಗೌಡ (1923–1972)

ಕರ್ನಾಟಕ ವಿಧಾನಸಭೆಯ ಇತಿಹಾಸದಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತೇ ನಾಡಿನ ಮನೆಮಾತಾದವರಲ್ಲಿ ಶ್ರೀ ಶಾಂತವೇರಿ ಗೋಪಾಲಗೌಡ ಅವರು ಅಗ್ರಗಣ್ಯರು. ಅವರು ಮೂರು ಬಾರಿ ಶಾಸಕರಾಗಿ ಆಯ್ಕೆಯಾದರು. ಮಂತ್ರಿ ಪದವಿಯನ್ನು ಎಂದೂ ಅಲಂಕರಿಸಲಿಲ್ಲ. ಅವರ ಹೆಸರಿನಲ್ಲಿ ಒಂದು ಕಾಯಿದೆಯೂ ಇಲ್ಲ. ಆದರೆ ರಾಜ್ಯದ ಭೂಸುಧಾರಣೆಯ ಚರಿತ್ರೆಯನ್ನು ಬರೆಯುವವರು ಯಾರೂ ಅವರನ್ನು ಬಿಟ್ಟು ಮುಂದೆ ಹೋಗಲಾರರು.

ಗೋಪಾಲಗೌಡರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡ ಒಕ್ಕಲಿಗ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾಭ್ಯಾಸ ತೀರ್ಥಹಳ್ಳಿ ಮತ್ತು ಶಿವಮೊಗ್ಗಗಳಲ್ಲಿ ನಡೆಯಿತು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ನಂತರ ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಮಲೆನಾಡಿನ ಹಳ್ಳಿಗಳಲ್ಲಿ ಸಂಘಟನೆಯ ಕೆಲಸಕ್ಕಿಳಿದರು. ಡಾ. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅವರನ್ನು ಗಾಢವಾಗಿ ಪ್ರಭಾವಿಸಿದವು. ಪಕ್ಷ ಹಲವು ಬಾರಿ ಒಡೆದು ಕೂಡಿದರೂ ಗೋಪಾಲಗೌಡರು ಕೊನೆಯವರೆಗೂ ಲೋಹಿಯಾ ಅವರ ಪಂಥದಲ್ಲಿಯೇ ಉಳಿದರು.

ಅವರ ಸಾರ್ವಜನಿಕ ಜೀವನಕ್ಕೆ ತಿರುವು ಕೊಟ್ಟ ಘಟನೆ 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲ್ಲೂಕಿನ ಕಾಗೋಡು ಮತ್ತು ಸುತ್ತಲಿನ ಗ್ರಾಮಗಳ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರಾಗಿದ್ದರು. ಬೆಳೆದ ಭತ್ತದ ದೊಡ್ಡ ಪಾಲು ಗೇಣಿಯ ರೂಪದಲ್ಲಿ ಭೂಮಾಲೀಕರ ಕಣಜ ಸೇರುತ್ತಿತ್ತು. ಧಾನ್ಯ ಅಳೆಯುವ ಕೊಳಗವೇ ವಿವಾದದ ಮೂಲವಾಯಿತು. ಗೇಣಿ ಪಡೆಯುವಾಗ ಬಳಸುವ ಕೊಳಗ ದೊಡ್ಡದು, ಧಾನ್ಯ ಕೊಡುವಾಗ ಬಳಸುವ ಕೊಳಗ ಚಿಕ್ಕದು ಎಂಬುದು ಗೇಣಿದಾರರ ದೂರಾಗಿತ್ತು. ಇದರೊಂದಿಗೆ ಬಿಟ್ಟಿ ಚಾಕರಿ ಮತ್ತು ದೈನಂದಿನ ಅವಮಾನಗಳೂ ಸೇರಿಕೊಂಡಿದ್ದವು. ಎಚ್. ಗಣಪತಿಯಪ್ಪ ಅವರು ಕಟ್ಟಿದ ರೈತ ಸಂಘವು ಸರಿಯಾದ ಅಳತೆಯನ್ನು ಕೇಳಿತು. ಮಾಲೀಕರು ಒಪ್ಪಲಿಲ್ಲ; ಗೇಣಿದಾರರನ್ನು ಜಮೀನಿನಿಂದ ಬಿಡಿಸಲು ಮುಂದಾದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗಳಿಗೆ ಇಳಿದರು. ಬಂಧನಗಳು ಆರಂಭವಾದವು. ಗೋಪಾಲಗೌಡರ ನೇತೃತ್ವದಲ್ಲಿ ಸಮಾಜವಾದಿ ಪಕ್ಷವು ಈ ಹೋರಾಟವನ್ನು ತನ್ನದಾಗಿಸಿಕೊಂಡಿತು. ಅದೇ ಜೂನ್ ತಿಂಗಳಲ್ಲಿ ಲೋಹಿಯಾ ಅವರು ಸ್ವತಃ ಕಾಗೋಡಿಗೆ ಬಂದು ಸತ್ಯಾಗ್ರಹದಲ್ಲಿ ಪಾಲ್ಗೊಂಡು ಬಂಧಿತರಾದರು. ಮೈಸೂರು ಸಂಸ್ಥಾನದ ಮೂಲೆಯ ಹಳ್ಳಿಯೊಂದರ ಹೆಸರು ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಸತ್ಯಾಗ್ರಹಕ್ಕೆ ತಕ್ಷಣದ ಜಯ ದೊರೆಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸೆರೆಮನೆಯಿಂದ ಹೊರಬಂದ ಎಷ್ಟೋ ಕುಟುಂಬಗಳಿಗೆ ಉಳಲು ಭೂಮಿ ಇರಲಿಲ್ಲ. ಆದರೆ ಕೊಳಗದ ಅಳತೆಯಿಂದ ಆರಂಭವಾದ ತಕರಾರು ಭೂಮಿಯ ಒಡೆತನ ಯಾರದು ಎಂಬ ಪ್ರಶ್ನೆಯಾಗಿ ಬೆಳೆದಿತ್ತು. ಆ ಪ್ರಶ್ನೆಗೆ ಉತ್ತರ ಗದ್ದೆಯ ಬದುವಿನಲ್ಲಿ ದೊರೆಯುವಂತಿರಲಿಲ್ಲ. ಅದು ಶಾಸನಸಭೆಯಲ್ಲಿಯೇ ಆಗಬೇಕಾಗಿತ್ತು.

1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಸ್ಪರ್ಧಿಸಿದರು. ಆಗ ಅವರಿಗೆ ವಯಸ್ಸು 29 ತುಂಬಿರಲಿಲ್ಲ. ಕೈಯಲ್ಲಿ ಹಣವಿರಲಿಲ್ಲ. ಮತದ ಜೊತೆಗೆ ಚುನಾವಣಾ ವೆಚ್ಚದ ದೇಣಿಗೆಯನ್ನೂ ಮತದಾರರಿಂದಲೇ ಕೇಳುವುದು ಅವರ ಪದ್ಧತಿಯಾಗಿತ್ತು. ಗೇಣಿದಾರರ ಹಳ್ಳಿಗಳು ಅವರ ಕೈಹಿಡಿದವು. ಒಟ್ಟು 99 ಸದಸ್ಯರ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ ಪಕ್ಷ 74 ಸ್ಥಾನಗಳನ್ನು ಪಡೆದಿತ್ತು. ಸಮಾಜವಾದಿ ಪಕ್ಷಕ್ಕೆ ದೊರೆತದ್ದು 3 ಮಾತ್ರ.

ಇಷ್ಟು ಸಣ್ಣ ಪಕ್ಷದ ಸದಸ್ಯರೊಬ್ಬರು ಸರ್ಕಾರವನ್ನು ಸೋಲಿಸುವುದು ಅಸಾಧ್ಯ. ಆದರೆ ಸರ್ಕಾರದಿಂದ ಉತ್ತರ ಪಡೆಯುವುದು ಸಾಧ್ಯ. ಸದನದ ನಿಯಮಾವಳಿ ಅದಕ್ಕೆ ಅವಕಾಶ ಮಾಡಿಕೊಟ್ಟಿದೆ. ದಿನದ ಕಲಾಪದ ಆರಂಭದಲ್ಲಿಯೇ ಪ್ರಶ್ನೋತ್ತರ ವೇಳೆ ಇರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಆ ಉತ್ತರದ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಲಿಖಿತ ಉತ್ತರ ಸಾಕೆನಿಸಿದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ. ಇಲಾಖೆಗಳ ಅನುದಾನ ಬೇಡಿಕೆಗಳು ಬಂದಾಗ ಕಡಿತ ಸೂಚನೆ. ತುರ್ತು ವಿಷಯಕ್ಕೆ ನಿಲುವಳಿ ಸೂಚನೆ. ಅಧಿವೇಶನದ ಮೊದಲಿಗೆ ಆಗ ರಾಜಪ್ರಮುಖರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರು, ನಂತರದ ವರ್ಷಗಳಲ್ಲಿ ರಾಜ್ಯಪಾಲರು ಮಾಡುವ ಭಾಷಣದ ಮೇಲಿನ ಚರ್ಚೆ ಮತ್ತೊಂದು ಅವಕಾಶ. ಕಾಗದದ ಮೇಲೆ ಇವು ಒಣ ನಿಯಮಗಳು. ಹಳ್ಳಿಯ ಪರಿಸ್ಥಿತಿಯನ್ನು ಕಣ್ಣಾರೆ ಕಂಡು, ಓದಿ, ಸಿದ್ಧರಾಗಿ ಬಂದ ಸದಸ್ಯರ ಕೈಯಲ್ಲಿ ಇವೇ ನಿಯಮಗಳು ಜನರ ಅಸ್ತ್ರವಾಗುತ್ತವೆ. ಗೋಪಾಲಗೌಡರು ಉತ್ತಮ ಓದುಗರೂ ಪ್ರಖರ ವಾಗ್ಮಿಗಳೂ ಆಗಿದ್ದರು. ಅವರು ಮಾತನಾಡಲು ಎದ್ದರೆ ಸದನ ಕಿವಿಗೊಡುತ್ತಿತ್ತು. ಅವರ ಕೋಪವೂ ಸದನಕ್ಕೆ ಪರಿಚಿತವಾಗಿತ್ತು.

ಅಂದಿನ ಸಂದರ್ಭದ ಒಂದು ವಿಶೇಷವನ್ನು ಗಮನಿಸಬೇಕು. ಕೆಂಗಲ್ ಹನುಮಂತಯ್ಯ ಅವರ ಸಂಪುಟದಲ್ಲಿ ಕಂದಾಯ ಖಾತೆಯನ್ನು ಹೊಂದಿದ್ದ ಶ್ರೀ ಕಡಿದಾಳ್ ಮಂಜಪ್ಪ ಅವರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಗೇಣಿದಾರರ ಕಷ್ಟ ಅವರಿಗೆ ಹೊಸದಾಗಿರಲಿಲ್ಲ. 1952ರ ಮೈಸೂರು ಗೇಣಿ ಕಾಯಿದೆ ಮತ್ತು ನಂತರದ ಇನಾಮು ರದ್ದಿಯಾತಿ ಶಾಸನಗಳ ಹಿಂದೆ ಅವರ ಶ್ರಮವಿತ್ತು. ಹೀಗೆ ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಆಡಳಿತ ಪಕ್ಷದಲ್ಲಿಯೂ ಇನ್ನೊಬ್ಬರು ವಿರೋಧ ಪಕ್ಷದಲ್ಲಿಯೂ ಕುಳಿತು ಒಂದೇ ಪ್ರಶ್ನೆಯನ್ನು ಎದುರಿಸಿದರು. ಕಾನೂನಿನ ಮೂಲಕ ಗೇಣಿಯನ್ನು ಮಿತಗೊಳಿಸಿ ಹಂತ ಹಂತವಾಗಿ ಸುಧಾರಿಸುವುದು ಮಂಜಪ್ಪನವರ ಮಾರ್ಗ. ಉಳುವವನಿಗೇ ಒಡೆತನ ದೊರೆಯಬೇಕೆಂಬುದು ಗೋಪಾಲಗೌಡರ ನಿಲುವು. ಗೇಣಿಯ ಕರಾರು ಬಹುಪಾಲು ಬಾಯಿಮಾತಿನದು; ಪಹಣಿಯಲ್ಲಿ ಉಳುವವನ ಹೆಸರೇ ಇಲ್ಲದಿದ್ದರೆ ಮಿತಗೊಳಿಸಿದ ಗೇಣಿಯ ಲಾಭವನ್ನು ಅವನು ಕೇಳುವುದಾದರೂ ಹೇಗೆ? ಅಂದಿನ ಭೂಶಾಸನಗಳ ತೊಡಕು ಇಲ್ಲಿಯೇ ಇತ್ತು.

ಕರ್ನಾಟಕ ಏಕೀಕರಣದ ವಿಷಯದಲ್ಲಿ ಗೋಪಾಲಗೌಡರ ನಿಲುವು ಸ್ಪಷ್ಟವಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮದ್ರಾಸು ರಾಜ್ಯದಿಂದ ಮೈಸೂರಿಗೆ ಸೇರಿದವು. ಮಿಕ್ಕ ಕನ್ನಡ ಪ್ರದೇಶಗಳೂ ಸೇರಿದರೆ ಹಳೆಯ ಮೈಸೂರಿನ ಪ್ರಾಬಲ್ಯ ಕುಗ್ಗುವುದೆಂಬ ಆತಂಕ ಆ ಭಾಗದ ಅನೇಕ ನಾಯಕರಲ್ಲಿತ್ತು. ಗೋಪಾಲಗೌಡರು ಅದಕ್ಕೆ ಮಣಿಯದೆ ಏಕೀಕರಣವನ್ನು ಬೆಂಬಲಿಸಿದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು.

ಇದರಿಂದ ರೈತರ ಪ್ರಶ್ನೆಯ ಸ್ವರೂಪವೂ ಬದಲಾಯಿತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ, ಅಂದು ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡಿನ ರೈತರು ಮದ್ರಾಸು ಕಾಲದ ರೈತವಾರಿ ಪದ್ಧತಿಯಿಂದ ಬಂದವರು. ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿದರೆ ಹೈದರಾಬಾದ್ ಸಂಸ್ಥಾನದ ಕಾನೂನು. ಧಾರವಾಡ, ಕಾರವಾರಗಳಲ್ಲಿ ಮುಂಬಯಿಯದು, ಕೊಡಗಿನಲ್ಲಿ ಬೇರೆಯೇ. ಕುರುಗೋಡಿನ ಎರೆಭೂಮಿಯಲ್ಲಿ ಮಳೆ ನೆಚ್ಚಿಕೊಂಡು ಬೆಳೆಯುವ ರೈತನಿಗೂ ಕಾಗೋಡಿನ ಗದ್ದೆಯ ಗೇಣಿದಾರನಿಗೂ ಸಮಾನವಾಗಿ ಅನ್ವಯಿಸುವ ಒಂದು ಶಾಸನ ಅಗತ್ಯವಾಯಿತು. 1957ರಲ್ಲಿ ಶ್ರೀ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ವರದಿಯ ಆಧಾರದ ಮೇಲೆ 1961ರ ಮೈಸೂರು ಭೂಸುಧಾರಣಾ ಕಾಯಿದೆ ಸಿದ್ಧವಾಯಿತು.

ಆ ಕಾಯಿದೆ ಅಂಗೀಕಾರವಾದಾಗ ಗೋಪಾಲಗೌಡರು ಸದನದಲ್ಲಿರಲಿಲ್ಲ. 1957ರ ಚುನಾವಣೆಯಲ್ಲಿ ಅವರು ಪರಾಭವಗೊಂಡಿದ್ದರು. 1962ರಲ್ಲಿ ತೀರ್ಥಹಳ್ಳಿ ಕ್ಷೇತ್ರದಿಂದ ಗೆದ್ದು ಮರಳಿದಾಗ ಕಾಯಿದೆ ಇತ್ತು, ಜಾರಿ ಇರಲಿಲ್ಲ. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಯ ಕಾರಣ ನೀಡಿ ಮಾಲೀಕರು ಭೂಮಿಯನ್ನು ಹಿಂಪಡೆಯಲು ಅದರಲ್ಲಿ ಅವಕಾಶವಿತ್ತು. ನಡುವಿನ ನಾಲ್ಕು ವರ್ಷಗಳ ವಿಳಂಬ ಯಾರಿಗೆ ಅನುಕೂಲವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಭೂಮಿಯ ಹಂಚಿಕೆ ಮತ್ತು ಗೇಣಿದಾರರ ರಕ್ಷಣೆಗಾಗಿ ಗೋಪಾಲಗೌಡರು ಈ ಅವಧಿಯಲ್ಲಿಯೂ ಸದನದ ಒಳಗೆ ಮತ್ತು ಹೊರಗೆ ದನಿಯೆತ್ತುತ್ತಲೇ ಇದ್ದರು.

ಇದೇ ಕಾಲದಲ್ಲಿ ಅವರ ಮೊದಲ ಕ್ಷೇತ್ರದ ಭೂಪಟವೇ ಬದಲಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಕಾಡುಗಳನ್ನು ಆವರಿಸಿತು. ರಾಜ್ಯಕ್ಕೆ ವಿದ್ಯುತ್ ದೊರೆಯಿತು; ಮುಳುಗಡೆಯ ಸಂತ್ರಸ್ತರಿಗೆ ಕಾಡಂಚಿನ ಹೊಸ ಜಾಗಗಳು ದೊರೆತವು. ಅವುಗಳ ಹಕ್ಕುಪತ್ರದ ಸಮಸ್ಯೆ ಹಲವು ದಶಕಗಳ ಕಾಲ ಮುಂದುವರಿಯಿತು. ಗೇಣಿದಾರನ ಸ್ಥಿತಿ ಇನ್ನೂ ಕಷ್ಟಕರ. ದಾಖಲೆಯಲ್ಲಿ ಹೆಸರಿಲ್ಲದವನಿಗೆ ಮುಳುಗಿದ ಭೂಮಿಯ ಪರಿಹಾರ ಕೇಳುವುದು ಸುಲಭವಲ್ಲ. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಹಳ್ಳಿಗಳಿಗೆ ತಾಲ್ಲೂಕು ಕೇಂದ್ರದ ಹಾದಿ ಕಡಿದುಹೋಗಿ, ಲಾಂಚ್ ಸೇವೆಯೇ ಆಧಾರವಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಕೃಷಿ, ಅರಣ್ಯ, ಸಾರಿಗೆ ಎಂದು ಇಲಾಖೆಗಳು ಬೇರೆ ಬೇರೆಯಾಗಿದ್ದರೂ ಮಲೆನಾಡಿನ ರೈತನಿಗೆ ಅವು ಒಂದೇ ಪ್ರಶ್ನೆ. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಬೆಟ್ಟದಿಂದ. ಬೆಳೆ ಮಾರುಕಟ್ಟೆ ತಲುಪುವುದು ಮಳೆಗಾಲದಲ್ಲಿ ಉಳಿಯುವ ರಸ್ತೆಯಿದ್ದರೆ ಮಾತ್ರ.

1967ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಿಂದ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಪುನಃ ಆಯ್ಕೆಯಾದರು. ಅದೇ ವರ್ಷ ಅವರ ಒಡನಾಡಿ ಶ್ರೀ ಜೆ.ಎಚ್. ಪಟೇಲ್ ಅವರು ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಸೊರಬದಿಂದ ಶ್ರೀ ಎಸ್. ಬಂಗಾರಪ್ಪ ಅವರು ವಿಧಾನಸಭೆ ಪ್ರವೇಶಿಸಿದರು. ಮುಂದೆ ಇಬ್ಬರೂ ರಾಜ್ಯದ ಮುಖ್ಯಮಂತ್ರಿಗಳಾದರು.

ಆಡಳಿತವು ಜನರ ಭಾಷೆಯಲ್ಲಿ ನಡೆಯಬೇಕೆಂಬುದು ಗೋಪಾಲಗೌಡರ ಅಚಲ ನಂಬಿಕೆಯಾಗಿತ್ತು. ರೈತನಿಗೆ ಬರುವ ನೋಟೀಸು ಅವನಿಗೆ ತಿಳಿಯದ ಭಾಷೆಯಲ್ಲಿದ್ದರೆ ಕಾನೂನು ಇದ್ದೂ ಇಲ್ಲದಂತೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಬೇಕೆಂದು ಶ್ರೀ ಅಂದಾನಪ್ಪ ದೊಡ್ಡಮೇಟಿ ಅವರಂತೆಯೇ ಇವರೂ ಒತ್ತಾಯಿಸಿದರು. ಸಾಹಿತ್ಯ ಮತ್ತು ಹಿಂದೂಸ್ತಾನಿ ಸಂಗೀತದಲ್ಲಿ ಅವರಿಗೆ ಅಪಾರ ಆಸಕ್ತಿಯಿತ್ತು. ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ ಮೊದಲಾದ ಲೇಖಕರು ಅವರ ಸ್ನೇಹವಲಯದಲ್ಲಿದ್ದರು. ಅನಂತಮೂರ್ತಿ ಅವರ 1978ರ ಕಾದಂಬರಿ ‘ಅವಸ್ಥೆ’ಯ ನಾಯಕನ ಪಾತ್ರಕ್ಕೆ ಗೋಪಾಲಗೌಡರ ಬದುಕೇ ಪ್ರೇರಣೆಯೆಂದು ಓದುಗರು ಗುರುತಿಸಿದ್ದಾರೆ. ಕಾದಂಬರಿ ಕಾದಂಬರಿಯೇ, ಅದನ್ನು ಜೀವನಚರಿತ್ರೆಯೆಂದು ಓದುವುದು ಸರಿಯಲ್ಲ.

ಕೊನೆಯ ವರ್ಷಗಳಲ್ಲಿ ಅನಾರೋಗ್ಯ ಅವರನ್ನು ತೀವ್ರವಾಗಿ ಕಾಡಿತು. ಹಣ ಕೂಡಿಡುವ ಅಭ್ಯಾಸ ಅವರಿಗಿರಲಿಲ್ಲವಾದ್ದರಿಂದ ಬದುಕಿನ ಕೊನೆಯವರೆಗೂ ಬಡತನ ಬಿಡಲಿಲ್ಲ. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಅವರ ಅನುಯಾಯಿ ಶ್ರೀ ಕೋಣಂದೂರು ಲಿಂಗಪ್ಪ ಅವರು ಆಯ್ಕೆಯಾದರು. ಅದೇ ವರ್ಷ ಜೂನ್ 9ರಂದು ಗೋಪಾಲಗೌಡರು ತಮ್ಮ 49ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಮರುತಿಂಗಳು, ಜುಲೈ 1972ರಲ್ಲಿ, ರಾಜ್ಯದ ಹೆಸರನ್ನು ಬದಲಾಯಿಸುವ ನಿರ್ಣಯವನ್ನು ಶಾಸನಸಭೆ ಅಂಗೀಕರಿಸಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಮುಖ್ಯಮಂತ್ರಿ ಶ್ರೀ ಡಿ. ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣಾ ಕಾಯಿದೆಗೆ ಸಮಗ್ರ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಿಂದ ಗೇಣಿಗೆ ನೀಡಿದ್ದ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಅದರ ಒಡೆತನಕ್ಕೆ ಅರ್ಜಿ ಸಲ್ಲಿಸಲು ಅರ್ಹನಾದನು. ತಾಲ್ಲೂಕು ಮಟ್ಟದಲ್ಲಿ ಭೂನ್ಯಾಯಮಂಡಳಿಗಳು ರಚನೆಯಾದವು. ಅವುಗಳ ಮುಂದೆ ವಕೀಲರಿಗೆ ಆರಂಭದಲ್ಲಿ ಪ್ರವೇಶವಿರಲಿಲ್ಲ. ದಾಖಲೆಯಿಲ್ಲದ ಗೇಣಿದಾರನ ಬಾಯಿಮಾತಿನ ಸಾಕ್ಷ್ಯವನ್ನೂ ಪರಿಗಣಿಸಲಾಯಿತು. ರಾಜ್ಯಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಕಾಗೋಡಿನ ಸುತ್ತಮುತ್ತಲ ಹಳ್ಳಿಗಳ ಗೇಣಿದಾರರೂ ನಮೂನೆ 7ನ್ನು ಭರ್ತಿ ಮಾಡಿ ಸಲ್ಲಿಸಿದರು.

ತೀರ್ಥಹಳ್ಳಿಯ ರಂಗಮಂದಿರ, ಶಿವಮೊಗ್ಗ ನಗರದ ಬಡಾವಣೆ ಹಾಗೂ ಬೆಂಗಳೂರಿನಲ್ಲಿ ವಿಧಾನಸೌಧದ ಪಕ್ಕದ ವೃತ್ತಕ್ಕೆ ಶ್ರೀ ಗೋಪಾಲಗೌಡ ಅವರ ಹೆಸರನ್ನು ಇಡಲಾಗಿದೆ.