ಸೆಸಿಲ್ ಜೆ. ಸಲ್ಡಾನ

ಸೆಸಿಲ್ ಜಾನ್ ಸಲ್ಡಾನ (1926–2002) ಅವರು ಸಸ್ಯವರ್ಗೀಕರಣ ವಿಜ್ಞಾನಿ, ಯೇಸುಸಭೆಯ ಪಾದ್ರಿ ಹಾಗೂ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ಡಾನ್ ನಿಕೋಲ್ಸನ್ ಅವರೊಡನೆ ಸಂಪಾದಿಸಿದ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' (1976) ಅವರ ಪ್ರಮುಖ ಕೃತಿ. ಸಕಲೇಶಪುರ, ಹೆತ್ತೂರು, ಬಿಸಿಲೆ ಪ್ರದೇಶಗಳ ಸಸ್ಯಸಂಪತ್ತನ್ನು ಅರಿಯಲು ಇಂದಿಗೂ ಮೊದಲು ತೆರೆಯುವ ಗ್ರಂಥವಿದು.

ಹಾಸನ ಜಿಲ್ಲೆಯ ಸಮೀಕ್ಷೆ

ಮುಂಬಯಿ ಪ್ರಾಂತ್ಯಕ್ಕೆ ಕುಕ್, ಮದರಾಸು ಪ್ರಾಂತ್ಯಕ್ಕೆ ಗ್ಯಾಂಬಲ್ ರಚಿಸಿದ ಸಸ್ಯಕೋಶಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಪ್ರಕಟವಾಗಿದ್ದವು. ಹಳೆಯ ಮೈಸೂರು ಸೀಮೆಗೆ ಆ ಭಾಗ್ಯ ತಡವಾಗಿ ದೊರೆಯಿತು. ಈ ಕೊರತೆಯನ್ನು ತುಂಬಲು ಸಲ್ಡಾನ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಹಯೋಗದಲ್ಲಿ ಹಾಸನ ಜಿಲ್ಲೆಯ ಸಮೀಕ್ಷೆಯನ್ನು ಕೈಗೊಂಡರು.

ಈ ಕಾರ್ಯಕ್ಕೆ ಹಾಸನದಷ್ಟು ತಕ್ಕ ಜಿಲ್ಲೆ ವಿರಳವೆಂದೇ ಹೇಳಬೇಕು. ಸಕಲೇಶಪುರದಿಂದ ಅರಸೀಕೆರೆಗೆ ನೂರು ಕಿಲೋಮೀಟರ್ ದೂರವೂ ಇಲ್ಲ. ಆದರೆ ಈ ಅಂತರದೊಳಗೆ ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಬಂದುಹೋಗುತ್ತವೆ. ನೈಋತ್ಯ ಮಾರುತಗಳು ಘಟ್ಟದ ಗೋಡೆಗೆ ತಾಗಿ ಮೇಲೇರಿ ತಮ್ಮ ನೀರಿನ ಬಹುಪಾಲನ್ನು ಅಲ್ಲಿಯೇ ಸುರಿಸುತ್ತವೆ. ಸಕಲೇಶಪುರದ ಭಾಗದಲ್ಲಿ ವಾರ್ಷಿಕ ಮಳೆ 2000 ಮಿ.ಮೀ. ಮೀರಿದರೆ, ಮಳೆಯ ನೆರಳಿನಲ್ಲಿರುವ ಅರಸೀಕೆರೆಗೆ 700 ಮಿ.ಮೀ. ಆಸುಪಾಸಿನಷ್ಟೇ ದಕ್ಕುತ್ತದೆ.

ಸಸ್ಯಗಳು ಈ ಲೆಕ್ಕವನ್ನು ಕರಾರುವಾಕ್ಕಾಗಿ ಪಾಲಿಸುತ್ತವೆ. ಬಿಸಿಲೆ ಮತ್ತು ಕೆಂಪುಹೊಳೆ ಕಾಡುಗಳಲ್ಲಿ ಬಲಗಿ, ಧೂಪ, ನಾಗಸಂಪಿಗೆಯಂತಹ ನಿತ್ಯಹರಿದ್ವರ್ಣ ಮರಗಳು. ಆ ದಟ್ಟ ಮೇಲ್ಛಾವಣಿಯನ್ನೇ ನಂಬಿ ಬದುಕುವ ಸಿಂಗಳೀಕ. ಮೂಡಣಕ್ಕೆ ಸರಿದಂತೆ ಎಲೆಯುದುರಿಸುವ ಮತ್ತಿ, ನಂದಿ, ಹೊನ್ನೆ, ಬೀಟೆ. ಇನ್ನೂ ಮುಂದಕ್ಕೆ ಹೋದರೆ ಜಾಲಿ, ಕಗ್ಗಲಿ, ಮುತ್ತುಗ. ಇಲ್ಲಿ ಮಳೆಯ ಒಟ್ಟು ಪ್ರಮಾಣವೊಂದೇ ನಿರ್ಣಾಯಕವಲ್ಲ. ಮಳೆಯಿಲ್ಲದ ತಿಂಗಳುಗಳು ಎಷ್ಟೆಂಬುದೂ ಅಷ್ಟೇ ಮುಖ್ಯ. ಹೆತ್ತೂರಿನ ಸುತ್ತಲಿನ ಬೆಟ್ಟಗಳಲ್ಲಿ ಮಳೆ ಧಾರಾಳವಾಗಿದ್ದರೂ ನೆತ್ತಿಯ ಮೇಲೆ ಹುಲ್ಲು ಮಾತ್ರ ಬೆಳೆದು, ಮರಗಳು ಕಣಿವೆಯ ಮಡಿಲಿನ ಶೋಲಾಗಳಲ್ಲಿ ಅಡಗಿರುವುದಕ್ಕೆ ಬಿರುಗಾಳಿ, ತೆಳುಮಣ್ಣು, ಬೇಸಗೆಯ ಕಾಡುಬೆಂಕಿ ಎಲ್ಲವೂ ಕಾರಣ. ಈ ಸೀಮೆಯು ಜಲವಿಭಾಜಕವೂ ಹೌದು. ಬಿಸಿಲೆಯ ಬಳಿ ಏಣಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಯನ್ನು ಸೇರಿ ಪಡುವಣ ಕಡಲಿಗೂ, ಇನ್ನೊಂದು ಮಗ್ಗುಲಿನದು ಹೇಮಾವತಿಯ ಮೂಲಕ ಬಂಗಾಳಕೊಲ್ಲಿಗೂ ಹರಿಯುತ್ತದೆ.

ಸಲ್ಡಾನ ಮತ್ತು ಅವರ ಸಂಗಡಿಗರು ಈ ಕಾಡುಮೇಡುಗಳಲ್ಲಿ ಮಾದರಿಗಳನ್ನು ಸಂಗ್ರಹಿಸಿ, ಒತ್ತಿ ಒಣಗಿಸಿ, ಸ್ಥಳ ಹಾಗೂ ದಿನಾಂಕಗಳನ್ನು ನಮೂದಿಸಿ ಹಾಳೆಗಳ ಮೇಲೆ ಅಂಟಿಸಿದರು. ಕೆಲಸ ನೀರಸವೆಂದು ತೋರಬಹುದು. ಆದರೆ ಯಾವ ಗಿಡ ಯಾವ ಕಣಿವೆಯಲ್ಲಿತ್ತು ಎಂಬುದಕ್ಕೆ ಮುಂದಿನ ಪೀಳಿಗೆಗೆ ಉಳಿಯುವ ಸಾಕ್ಷ್ಯ ಆ ಹಾಳೆಯೇ. ಗ್ರಂಥದ ಕುಟುಂಬಗಳ ವಿವರಣೆಯಲ್ಲಿ ಹಲವು ತಜ್ಞರು ಪಾಲ್ಗೊಂಡರು. ಸಹಸಂಪಾದಕ ನಿಕೋಲ್ಸನ್ ಮುಂದೆ 'ಹೋರ್ಟಸ್ ಮಲಬಾರಿಕಸ್' ಗ್ರಂಥದ ಸಸ್ಯಗಳ ಗುರುತಿಸುವಿಕೆಯಲ್ಲಿಯೂ ಹೆಸರು ಮಾಡಿದರು.

ಕೃತಿ ಹೊರಬಂದ ಕಾಲವೂ ಗಮನಾರ್ಹ. ಅದು ಪ್ರಕಟವಾದ ಮೂರೇ ವರ್ಷಗಳಲ್ಲಿ, 1979ರಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಘಟ್ಟವನ್ನು ಸೀಳಿದ ಹಾಸನ–ಮಂಗಳೂರು ರೈಲುಮಾರ್ಗವೂ ತೆರೆಯಿತು. ಆ ಬದಲಾವಣೆಗಳಿಗೆ ಮುಂಚಿನ ಜಿಲ್ಲೆಯ ಸಸ್ಯಸ್ಥಿತಿ ಹೀಗೆ ಪುಸ್ತಕದಲ್ಲಿ ದಾಖಲಾಗಿ ಉಳಿಯಿತು.

ನಂತರದ ಕೆಲಸ

ಸಲ್ಡಾನ ಅವರು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯವರ್ಗೀಕರಣ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಇಡೀ ರಾಜ್ಯವನ್ನು ಒಳಗೊಳ್ಳುವ 'ಫ್ಲೋರಾ ಆಫ್ ಕರ್ನಾಟಕ'ದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ ಪ್ರಕಟವಾದವು. ಉಳಿದ ಸಂಪುಟಗಳು ಅವರ ಜೀವಿತಕಾಲದಲ್ಲಿ ಹೊರಬರಲಿಲ್ಲ. ಕರ್ನಾಟಕದ ಸಸ್ಯವಿಜ್ಞಾನಕ್ಕೆ ಇದು ದೊಡ್ಡ ನಷ್ಟವೇ ಸರಿ. ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳ ಪರಿಸರದ ಮೇಲಿನ ಪರಿಣಾಮಗಳನ್ನು ಕುರಿತ ಅವರ ಗ್ರಂಥ 1989ರಲ್ಲಿ ಬಂದಿತು.

ಅವರು 2002ರಲ್ಲಿ ನಿಧನರಾದರು. ಕೆಲವೇ ವರ್ಷಗಳಲ್ಲಿ, ಅವರು ಸಮೀಕ್ಷೆ ನಡೆಸಿದ ಜಿಲ್ಲೆಯ ಬೆಟ್ಟಕುಮರಿ ಮತ್ತು ಸುತ್ತಲಿನ ಕಣಿವೆಗಳು ಗುಂಡ್ಯ ಜಲವಿದ್ಯುತ್ ಯೋಜನೆಯ ವಿವಾದಕ್ಕೆ ಒಳಗಾದವು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿಯು 2011ರ ವರದಿಯಲ್ಲಿ ಆ ಯೋಜನೆಗೆ ಅನುಮತಿ ನೀಡಬಾರದೆಂದು ಶಿಫಾರಸು ಮಾಡಿತು.

ಸಲ್ಡಾನ ಅವರು ಬೆಳೆಸಿದ ಸಸ್ಯಸಂಗ್ರಹವು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದು, 'ಜೆ.ಸಿ.ಬಿ.' ಎಂಬ ಸಂಕೇತದಿಂದ ಸಸ್ಯವಿಜ್ಞಾನಿಗಳಿಗೆ ಪರಿಚಿತವಾಗಿದೆ. ಕರ್ನಾಟಕದ ಸಸ್ಯಗಳ ಡಿಜಿಟಲ್ ಸಂಗ್ರಹವನ್ನೂ ಅದೇ ಕೇಂದ್ರವು ರೂಪಿಸಿದೆ.